ಅವ್ವ ಓಡಸೋ ಗಾಡಿ

(1/6)

ಹೋದ ವಾರ ಸ್ಟೋರಿಗೆ ಒಂದು ಕಾರಿನ ಸ್ಟೇರಿಂಗ್ ಫೋಟೋ ಹಾಕಿದ್ದೆ. ಅದಕ್ಕ ಬಂದ ಮೆಸೇಜ್ ಎಲ್ಲಾ ಒಂದೇ ನಮೂನಿ. "ಆಟೋಮೆಟಿಕ್ ಯಾಕ?" "ಹಳೇದು ಯಾಕ?" "ಪಾರ್ಟಿ ಯಾವಾಗ?" ಪಾರ್ಟಿ ಸುದ್ದಿ ಸದ್ಯಕ್ಕ ಬಿಡ್ರಿ. ಉಳಿದ ಎರಡು ಪ್ರಶ್ನೆಗೆ ಒಂದ ಸಾಲಿನ್ಯಾಗ ಉತ್ತರ ಹೇಳಾಕ ಬರಂಗಿಲ್ಲ. ಅದಕ್ಕ ಆರು ಪೋಸ್ಟ್ ಬರ್ಯಾಕತ್ತೀನಿ. ಬಿಕಾಂ ಮಂದಿ ಐದನೇದು ಮಾತ್ರ ತಪ್ಪಸಬ್ಯಾಡ್ರಿ, ಅದರಾಗ ಲೆಕ್ಕ ಐತಿ.

ನಮ್ಮನಿ ಪರಿಸ್ಥಿತಿ ಮೊದಲ ಹೇಳ್ತೀನಿ. ನಮ್ಮ ಆಯಿಗೆ ಹೋದ ವರ್ಷ ಲಕ್ವಾ ಹೊಡೀತು. (ಮರಾಠಿ ದೋಸ್ತರಿಗೆ ಸೂಚನೆ: ನಮ್ಮನ್ಯಾಗ ಆಯಿ ಅಂದ್ರ ಅಜ್ಜಿ, ನಿಮ್ಮಲ್ಲಿಯಂಗ ತಾಯಿ ಅಲ್ಲ.) ಎಡಗೈ, ಎಡಗಾಲು ಇನ್ನೂ ಪೂರಾ ಮಾತು ಕೇಳಂಗಿಲ್ಲ. ವಾರಕ್ಕ ಎರಡು ಸಲ ಬೆಳಗಾವಿಗೆ ಫಿಜಿಯೋಥೆರಪಿಗೆ ಕರಕೊಂಡು ಹೋಗಬೇಕು. ನಂದಗಡದಿಂದ ಖಾನಾಪುರ, ಅಲ್ಲಿಂದ ಬೆಳಗಾವಿ, ಒಂದು ಕಡೆಗೆ ಹತ್ತತ್ರ 40 ಕಿಲೋಮೀಟರ್. ಬಸ್ಸಿನ ಮೆಟ್ಟಲ ಆಯಿಗೆ ಏರಾಕ ಆಗಂಗಿಲ್ಲ. ಬಾಡಿಗಿ ಗಾಡಿಗೆ ಒಂದು ಸಲಕ್ಕ ₹1,800.

ಅಪ್ಪಗ ಗಾಡಿ ಓಡಸಾಕ ಬರತೈತಿ. ಆದ್ರ ಎಡಗಾಲಿನ ಮೊಣಕಾಲ ಸವದೈತಿ, ಡಾಕ್ಟರ್ "ಕ್ಲಚ್ ಒತ್ತೋದು ಕಡಿಮಿ ಮಾಡ್ರಿ" ಅಂದಾರ. ಅವ್ವ ಎರಡು ವರ್ಷದ ಹಿಂದನ ಲೈಸೆನ್ಸ್ ತಗೊಂಡಾಳ, ಆದ್ರ ಏರು ರಸ್ತೆದಾಗ ಗಾಡಿ ಹಿಂದಕ್ಕ ಜಾರತೈತಿ ಅನ್ನೋ ಅಂಜಿಕಿ ಆಕೀನ್ನ ಬಿಟ್ಟಿಲ್ಲ. ನಾನು ಬೆಳಗಾವಿಯೊಳಗ ಹಾಸ್ಟೆಲ್‌ನ್ಯಾಗ ಇರಾಕಿ, ರವಿವಾರ ಅಷ್ಟ ಮನಿಗೆ. ಅಂದ್ರ ದಿನಾ ಓಡಸಾಕಿ ಅವ್ವನ. "ಯಾವ ಗಾಡಿ ಚಲೋ" ಅಂತ ಕೇಳೂದ್ರಾಗ ಅರ್ಥ ಇರಲಿಲ್ಲ. ಅವ್ವ ಯಾವುದನ್ನ ಅಂಜದಂಗ ಓಡಸ್ತಾಳು, ಆಯಿ ಯಾವುದ್ರಾಗ ನೋವಿಲ್ಲದಂಗ ಹತ್ತಿ ಇಳೀತಾಳು ಅಂತ ಹುಡುಕಿದ್ವಿ.

(2/6)

ಆಟೋಮೆಟಿಕ್ ಅಂದ್ರ ಎಲ್ಲಾ ಒಂದ ಅಂತ ತಿಳಕೊಂಡವರು ಭಾಳ ಮಂದಿ. ನಮ್ಮ ಕಾಕಾ ಸುದ್ದಾ. "ಆಟೋಮೆಟಿಕ್ ಮೈಲೇಜ್ ಕೊಡಂಗಿಲ್ಲ" ಅಂತ ಒಂದ ಮಾತಿನ್ಯಾಗ ಮುಗಿಸಿಬಿಟ್ಟ. ಹಂಗಲ್ಲ, ಅದರಾಗ ನಾಲ್ಕು ನಮೂನಿ ಅದಾವ.

ಎಎಂಟಿ ಅಂದ್ರ ಒಳಗ ಇರೋದು ಸಾದಾ ಗೇರ್ ಪೆಟ್ಟಿಗೀನ. ಕ್ಲಚ್ ಒತ್ತೋ ಕೆಲಸ, ಗೇರ್ ಹಾಕೋ ಕೆಲಸ ನಿಮ್ಮ ಬದಲಿಗೆ ಒಂದು ಯಂತ್ರ ಮಾಡತೈತಿ. ಅಗ್ಗ, ರಿಪೇರಿನೂ ಸರಳ. ಆದ್ರ ಗೇರ್ ಬೀಳುವಾಗ ತಲಿ ಸಣ್ಣಗ ಮುಂದಕ್ಕ ಜೋಲಿ ಹೊಡೀತೈತಿ. 2022ರ ಹೊಸ ಬಲೆನೋದಾಗ ಬಂದಿದ್ದು ಇದು.

ಸಿವಿಟಿ ಒಳಗ ಗೇರ್ ಅನ್ನೋದ ಇಲ್ಲ. ಎರಡು ರಾಟಿ, ನಡುವ ಒಂದು ಉಕ್ಕಿನ ಪಟ್ಟಾ. ರಾಟಿ ಅಗಲ ಆಗಿ, ಸಣ್ಣ ಆಗಿ ವೇಗ ಬದಲಾಗತೈತಿ. ಹಿಟ್ಟಿನ ಗಿರಣಿ ಪಟ್ಟಾ ನೋಡಿದವರಿಗೆ ತಿಳೀತೈತಿ. ನೀವು ಕಾಲೇಜಿಗೆ ತರೋ ಸ್ಕೂಟಿನೂ ಸಿವಿಟಿನ, ಅದಕ್ಕ ರಬ್ಬರ್ ಪಟ್ಟಾ ಇರತೈತಿ ಅಷ್ಟ. ಇದನ್ನ ಅವ್ವಗ ಹೇಳಿದ ಮ್ಯಾಲ ಆಕಿ ಮುಖಾನ ಬದಲಾತು. "ಹಂಗಾದ್ರ ನಾನು ಹತ್ತು ವರ್ಷದಿಂದ ಆಟೋಮೆಟಿಕ್ಕ ಓಡಸಾಕತ್ತೀನಲ್ಲ!" ಅಂದ್ಲು. 2015ರಿಂದ 2022ರ ತನಕದ ಹಳೇ ಬಲೆನೋ, 2019ರಿಂದ 2022ರ ತನಕದ ಗ್ಲಾಂಜಾ (ಬಲೆನೋನ, ಲಾಂಛನ ಬ್ಯಾರೆ), ಹೋಂಡಾ ಜಾಝ್, 2018ರ ಮ್ಯಾಲಿನ ಎಲೀಟ್ ಐ20 ಇವುಗಳಲ್ಲಿ ಪೆಟ್ರೋಲ್ ಸಿವಿಟಿ ಸಿಗತಾವು.

ಮೂರನೇದು ಟಾರ್ಕ್ ಕನ್ವರ್ಟರ್, ಎಣ್ಣಿಯ ಒತ್ತಡದಿಂದ ಓಡೋದು. ಗಟ್ಟಿ, ಮೆತ್ತಗ ಹೋಗತೈತಿ. ನಾಲ್ಕನೇದು ಎರಡು ಕ್ಲಚ್ಚಿನದು: 1-3-5 ಒಂದು ಕ್ಲಚ್ಚಿಗೆ, 2-4-6 ಇನ್ನೊಂದಕ್ಕ. ಪೋಲೋ ಜಿಟಿ ಟಿಎಸ್‌ಐನ ಡಿಎಸ್‌ಜಿ ಈ ಜಾತಿದು. ಓಡಸಾಕ ಕುಂತ್ರ ಇಳ್ಯಾಕ ಮನಸ್ಸಾಗಂಗಿಲ್ಲ, ಖರೆ ಹೇಳ್ತೀನಿ. ಆದ್ರ ಒಣ ಕ್ಲಚ್ ಇರೋದು ಟ್ರಾಫಿಕ್ಕಿನ್ಯಾಗ ನಿಂತು ನಿಂತು ಹೋದ್ರ ಕಾಯತೈತಿ, ವಾರಂಟಿ ಮುಗಿದ ಮ್ಯಾಲ ಬಿಚ್ಚಿಸಿದ್ರ ಬಿಲ್ಲು ದೊಡ್ಡದು. ಟಿಳಕವಾಡಿ ರೈಲ್ವೆ ಗೇಟಿನ ಮುಂದ ಸಂಜಿ ಆರಕ್ಕ ನಿಂತವರಿಗೆ ನಾ ಏನ್ ಹೇಳಾಕತ್ತೀನಿ ಅಂತ ಗೊತ್ತಾಗತೈತಿ. ನನ್ನ ಮನಸ್ಸು ಪೋಲೋ ಕಡೆ ಇತ್ತು. ಆದ್ರ ನಾ ಓಡಸೋದು ರವಿವಾರ ಅಷ್ಟ.

(3/6)

ಈ ಫೋಟೋದಾಗ ಟಯರ್ ಮ್ಯಾಲಿನ ನಾಲ್ಕು ಅಂಕಿ ದೊಡ್ಡದು ಮಾಡಿ ನೋಡ್ರಿ: 2319. ಅಂದ್ರ 2019ರ 23ನೇ ವಾರದಾಗ ತಯಾರಾದ ಟಯರ್. ಕಾರೂ 2019ರದು, ಮೀಟರ್ 41,000 ಅಂದ್ರ, ಮೊದಲಿನ ಟಯರ್ ಇನ್ನೂ ಇರೋದು ಹೊಂದತೈತಿ. ಇನ್ನೊಂದು ಕಡೆ, ಹೆಸರು ಬ್ಯಾಡ, ಒಂದು ಗಾಡಿ ಮೀಟರ್ 38,000 ತೋರಸತಿತ್ತು. ಸರ್ವಿಸ್ ಸೆಂಟರಿನ ದಾಖಲೆ ತಗಿಸಿದ್ರ 2022ರಾಗನ 61,000 ಆಗಿತ್ತು. ಮಾಲಕರು ನಕ್ಕು "ಮೀಟರ್ ಬದಲ್ ಮಾಡಿಸಿರಬೇಕು" ಅಂದ್ರು. ಅಪ್ಪಾ ಚಾ ಅರ್ಧಕ್ಕ ಬಿಟ್ಟು ಎದ್ದ.

ನಮ್ಮ ಭಾಗದವರಿಗೆ ಇನ್ನೊಂದು ಪರೀಕ್ಷೆ ಬೇಕ ಬೇಕು. 2019ರ ಆಗಸ್ಟಿನ ಮಹಾಪೂರ ನೆನಪೈತಲ್ಲ? ಬೆಳಗಾವಿ ಜಿಲ್ಲಾ, ಆಚೆ ಕೊಲ್ಲಾಪುರ, ಸಾಂಗಲಿ, ಎಲ್ಲಾ ಕಡೆ ನೀರು. 2021ರ ಜುಲೈದಾಗ ಮತ್ತ ಬಂತು. ಆವಾಗ ನೀರಾಗ ನಿಂತ ಗಾಡಿ ತೊಳದು, ಪಾಲಿಶ್ ಹೊಡದು ಮಾರಾಟಕ್ಕ ಬಂದ್ರ ಮ್ಯಾಲ ನೋಡಿ ಹಿಡ್ಯಾಕ ಆಗಂಗಿಲ್ಲ. ಅದಕ್ಕ ಸೀಟ್ ಬೆಲ್ಟ್ ಕಡೀತನಕ ಎಳೀರಿ. ತುದಿ ಹತ್ರ ಕೆಸರಿನ ಗೆರಿ ಇದ್ರ ಅಲ್ಲೇ ಕೈ ಮುಗದು ಬರ್ರಿ. ಸೀಟಿನ ಕೆಳಗಿನ ಹಳಿ ಕೈಯಿಂದ ಮುಟ್ರಿ, ತುಕ್ಕು ಹತ್ತೈತೇನು ನೋಡ್ರಿ. ಡಿಕ್ಕಿಯೊಳಗ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡ್ರಿ, ಕಾರ್ಪೆಟ್ ಸರಿಸಿ ವಾಸನಿ ನೋಡ್ರಿ. ಎಸಿ ಹಚ್ಚಿದ ಕೂಡಲೇ ಅತ್ತರ್ ಅಂಗಡಿ ವಾಸನಿ ಬಂದ್ರ ನನಗ ಅನುಮಾನ ಜಾಸ್ತಿ.

ಗೇರ್ ಪರೀಕ್ಷೆಗೆ ಎಂಜಿನ್ ತಣ್ಣಗಿರಬೇಕು. ನೀವು ಬರೋದ್ರಾಗ ಚಾಲು ಮಾಡಿ ಇಟ್ಟಿದ್ರ ಯಾಕ ಅಂತ ಕೇಳ್ರಿ. ಬ್ರೇಕ್ ಮ್ಯಾಲ ಕಾಲಿಟ್ಟು ಡಿ, ಆರ್, ಮತ್ತ ಡಿ ಹಾಕ್ರಿ. ಧಡ್ ಅಂತ ಸಪ್ಪಳ ಬರಬಾರದು. ಆಮ್ಯಾಲ ಏರಿನ್ಯಾಗ ನಿಲ್ಲಿಸಿ ಮೆತ್ತಗ ಬಿಡ್ರಿ, ನಡುಗಿದ್ರ ಸಿವಿಟಿಗೆ ಏನೋ ಆಗೈತಿ ಅಂತ. ಗೇರ್ ಎಣ್ಣಿ ಯಾವಾಗ ಬದಲ್ ಮಾಡ್ಯಾರ ಅನ್ನೋದು ಬಿಲ್ಲಿನ ಸಮೇತ ಕೇಳ್ರಿ.

(4/6)

ಕೊಲ್ಲಾಪುರದ ಎಂಎಚ್-09 ಪಾಸಿಂಗ್, ಗೋವಾ ಪಾಸಿಂಗ್ ಗಾಡಿ ನಮ್ಮ ಕಡೆ ಓಡಾಡೋದು ನೀವೂ ನೋಡೀರಿ. ಕೇಳೋ ಬೆಲಿನೂ ಕಡಿಮಿ. ಆದ್ರ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತ ನೋಂದಣಿ ಮಾಡಿಸಬೇಕು, ಗಾಡಿಯ ವಯಸ್ಸಿಗೆ ತಕ್ಕಂಗ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ನಮ್ಮ ರಾಜ್ಯದ ತೆರಿಗೆ ದೇಶದಾಗ ಹೆಚ್ಚಿರೋವುಗಳೊಳಗ ಒಂದು. 5ರಿಂದ 10 ಲಕ್ಷದ ಹೊಸ ಗಾಡಿಗೆ 14%, ಮ್ಯಾಲ ಸೆಸ್. ಹಳೇ ಗಾಡಿಗೆ ಕಡಿಮಿ ಆಗತೈತಿ ಖರೆ, ಆದ್ರ ಇದನ್ನೆಲ್ಲಾ ಕೂಡಿಸಿದ್ರ ಆ ಕಡಿಮಿ ಬೆಲಿ ಕಡಿಮಿ ಉಳ್ಯಾಂಗಿಲ್ಲ. ನಾವು ಕೆಎ-22, ಕೆಎ-25, ಕೆಎ-63 ಅಷ್ಟ ನೋಡಿದ್ವಿ.

ಆಯಿ ಪರೀಕ್ಷೆ ಇದ್ದಿದ್ದ ಬ್ಯಾರೆ. ಮಡಚೋ ವೀಲ್‌ಚೇರ್ ಜೊತಿಗೇ ಒಯ್ದಿದ್ವಿ. ಏಜೆಂಟ್‌ಗೆ ಅದು ತಮಾಷಿ ಅನಿಸ್ತು, "ಗಾಡಿ ನೋಡಾಕ ಬಂದೀರೋ, ಸಾಮಾನು ಸಾಗಸಾಕೋ" ಅಂದ. ಎಲೀಟ್ ಐ20 ಡಿಕ್ಕಿ 285 ಲೀಟರ್, ಹಳೇ ಬಲೆನೋದು 339, ಜಾಝ್‌ದು 354. ಕಾಗದದ ಮ್ಯಾಲ ಇದು ಬರೀ ಅಂಕಿ. ಐ20ಯೊಳಗ ವೀಲ್‌ಚೇರಿನ ಗಾಲಿ ಬಿಚ್ಚಬೇಕಾತು. ಬಲೆನೋದಾಗ ಓರೆಯಾಗಿ ಕುಂತ್ತು. ಜಾಝ್‌ದಾಗ ಸೀದಾ ಹೋತು, ಬಾಜೂಕ ಆಯಿ ಔಷಧಿ ಚೀಲಕ್ಕೂ ಜಾಗ ಉಳೀತು.

ಹತ್ತೋದು ಇಳಿಯೋದು ಹೆಂಗ ಅಂದ್ರ, ಆಯಿ ಮೊದಲು ಬೆನ್ನು ತಿರುಗಿಸಿ ಸೀಟಿಗೆ ಕುಂದರತಾಳು, ಆಮ್ಯಾಲ ನಾವು ಕಾಲು ಒಳಗ ತಗೋತೀವಿ. ಸೀಟು ತೀರಾ ತಗ್ಗಿದ್ರ ಧೊಪ್ ಅಂತ ಬೀಳತಾಳು, ತೀರಾ ಎತ್ತರ ಇದ್ರ ಹತ್ತಾಕ ಆಗಂಗಿಲ್ಲ. ಎಸ್‌ಯುವಿ ಯಾಕ ಬ್ಯಾಡ ಅಂದವರಿಗೆ ಇದ ಉತ್ತರ. ಜಾಝ್ ಸೀಟು ಆಯಿ ಟೊಂಕದ ಮಟ್ಟಕ್ಕ ಬಂತು. ಆಕಿ ಬಾಗಲಾ ಮುಚ್ಚೋತನಕ ಸುಮ್ನಿದ್ಲು. ಆಮ್ಯಾಲ "ಇದರಾಗ ಫ್ಯಾನ್ ಐತೇನು?" ಅಂತ ಕೇಳಿದ್ಲು. ಎಸಿ ಹಚ್ಚಿದ್ವಿ. "ಹ್ಞಾಂ, ಇದಿರಲಿ."

(5/6) ಬಿಕಾಂ ಮಂದಿ ಬರ್ರಿ

ಮೊದಲನೇ ಲೆಕ್ಕ. ಬೆಳಗಾವಿಯ ಒಂದು ಹಳೇ ಕಾರಿನ ಬಜಾರ್‌ದಾಗ ₹5,90,000 ಹೇಳಿ, ಮ್ಯಾಲ "18% ಜಿಎಸ್‌ಟಿ ಬ್ಯಾರೆ" ಅಂದ್ರು. ಅಂದ್ರ ₹1,06,200! ಅಪ್ಪಾ ನನ್ನ ಮುಖ ನೋಡಿದ. ಹಳೇ ಗಾಡಿ ಮಾರೋ ನೋಂದಾಯಿತ ವ್ಯಾಪಾರಿಗೆ ತೆರಿಗೆ ಬೀಳೋದು ಪೂರಾ ಬೆಲಿ ಮ್ಯಾಲ ಅಲ್ಲ, ಅವರ ಮಾರ್ಜಿನ್ ಮ್ಯಾಲ. ಅವರು 5,20,000ಕ್ಕ ತಗೊಂಡು 5,90,000ಕ್ಕ ಮಾರಿದ್ರ ಮಾರ್ಜಿನ್ 70,000, ಅದರ 18% ಅಂದ್ರ ₹12,600. 2025ರ ಜನವರಿಯಿಂದ ಸಣ್ಣ ಗಾಡಿಗೂ ಈ 18% ದರ ಬಂತು, ಮೊದಲು 12% ಇತ್ತು. ಮನಿಯವರಿಂದ ನೇರ ತಗೊಂಡ್ರ ಜಿಎಸ್‌ಟಿ ಪ್ರಶ್ನಿನ ಇಲ್ಲ. ನಾ ಇಷ್ಟು ಹೇಳಿದ್ಮ್ಯಾಲ "ಮೇಡಂ ಏನ್ ಓದಾಕತ್ತೀರಿ?" ಅಂತ ಕೇಳಿದ್ರು.

ಎರಡನೇದು ಸಾಲ, ಮತ್ತ ಇದ ನನಗ ನಿದ್ದಿ ಕೆಡಿಸಿದ್ದು. ಅಪ್ಪನ ಕಡೆ ರೊಕ್ಕ ₹3,20,000 ಇತ್ತು. ಅದರ ಹೊರತಾಗಿ ಇನ್ನೊಂದು ₹3 ಲಕ್ಷದ ಎಫ್‌ಡಿ, ಡಿಗ್ರಿ ಮುಗಿದ ಮ್ಯಾಲ ನನ್ನ ಸಿಎಗೆ ಅಂತ ಇಟ್ಟಿದ್ದು. ಬಿಕಾಂದಾಗ 55% ಬಂದ್ರ ಫೌಂಡೇಶನ್ ಬಿಟ್ಟು ನೇರ ಇಂಟರ್‌ಮೀಡಿಯೇಟಿಗೆ ಹೋಗಬಹುದು, ಅದು ನಿಮಗೂ ಗೊತ್ತು. ಅಪ್ಪಾ "ಎಫ್‌ಡಿ ಮುರೀತೀನಿ, ನಿಂದು ಆಮ್ಯಾಲ ನೋಡೋಣು" ಅಂದ. ಅವ್ವ "ಆಕಿ ರೊಕ್ಕಕ್ಕ ಕೈ ಹಚ್ಚಬ್ಯಾಡ್ರಿ, ಗಾಡೀನ ಬ್ಯಾಡ" ಅಂದ್ಲು. ಎರಡು ದಿನ ಮನ್ಯಾಗ ಮಾತಿಲ್ಲ, ಬರೀ ಪಾತ್ರಿ ಸಪ್ಪಳ.

ಏಜೆಂಟ್ ಹೇಳಿದ ದಾರಿ: 3 ಲಕ್ಷ ಸಾಲ, "ಬರೀ 9%", 4 ವರ್ಷ. ಕಂತು ₹8,500. ಈ 9% ಫ್ಲ್ಯಾಟ್. ಅಂದ್ರ ಅಸಲು ತೀರಕೋತ ಹೋದ್ರೂ ಬಡ್ಡಿ ಪೂರಾ 3 ಲಕ್ಷದ ಮ್ಯಾಲನ: ವರ್ಷಕ್ಕ 27,000, ನಾಲ್ಕು ವರ್ಷಕ್ಕ ₹1,08,000. ಇಳಿಕೆ ಬಾಕಿ ಪದ್ಧತಿಗೆ ತಿರುಗಿಸಿದ್ರ ಇದು ಹತ್ತತ್ರ 16% ಆಗತೈತಿ. ಕ್ಯಾಲ್ಕುಲೇಟರ್ ತಗೊಂಡು ನೀವ ಮಾಡಿ ನೋಡ್ರಿ, ನನ್ನ ಮಾತು ನಂಬಬ್ಯಾಡ್ರಿ.

ನಾವು ಹಿಡಿದ ದಾರಿ ಬ್ಯಾರೆ. ಎಫ್‌ಡಿ ಮುರಿಯಲಿಲ್ಲ, ಅದರ ಮ್ಯಾಲ ಸಾಲ ತಗೊಂಡ್ವಿ. ಎಫ್‌ಡಿಗೆ 7% ಬಡ್ಡಿ, ಸಾಲಕ್ಕ ಅದಕ್ಕಿಂತ ಒಂದು ಹೆಚ್ಚು, 8%. ಎಫ್‌ಡಿಯ 90%, ಅಂದ್ರ ₹2,70,000 ಸಿಕ್ತು. 48 ತಿಂಗಳಿಗೆ ತಿಂಗಳಿಗೆ ₹6,600ರ ಒಳಗ, ಒಟ್ಟು ಬಡ್ಡಿ ಸುಮಾರು ₹46,000. ಇತ್ತ ಎಫ್‌ಡಿ ಬಡ್ಡಿ ತಾನು ಬೆಳಕೋತ ಇರತೈತಿ.

ಬಾಡಿಗಿ ಗಾಡಿಗೆ ತಿಂಗಳಿಗೆ ₹15,600 ಹೋಗತಿತ್ತು. ಈಗ ಪೆಟ್ರೋಲ್ ಸುಮಾರು ₹4,800, ಕಂತು ₹6,600, ಇನ್ಶೂರೆನ್ಸ್ ಮತ್ತ ಸರ್ವಿಸ್ ಸೇರಿ ₹2,500 ಹಿಡಿದ್ರೂ ₹13,900. ಉಳಿಯೋದು ದೊಡ್ಡ ರೊಕ್ಕ ಅಲ್ಲ. ಆದ್ರ ರಾತ್ರಿ ಹನ್ನೊಂದಕ್ಕ ಆಯಿಗೆ ಏನರ ಆದ್ರ ಯಾರ ಬಾಗಲಾ ಬಡಿಬೇಕು ಅನ್ನೋ ಚಿಂತಿ ಈ ಲೆಕ್ಕದಾಗ ಬರಂಗಿಲ್ಲ. ಒಂದು ಕಂತು ತಪ್ಪಿದ್ರ ನನ್ನ ಸಿಎ ರೊಕ್ಕಕ್ಕ ಕೈ ಬೀಳತೈತಿ ಅನ್ನೋದೂ ಖರೆ. ಅದಕ್ಕ ಈ ಜೂನ್‌ನಿಂದ ಎಂಟನೇ, ಒಂಬತ್ತನೇ ಹುಡುಗರಿಗೆ ನಾನು ಟ್ಯೂಷನ್ ಹೇಳಾಕತ್ತೀನಿ.

(6/6)

ಗಾಡಿ ಸಿಕ್ಕಿದ್ದು ಧಾರವಾಡದಾಗ. 2019ರ ಜಾಝ್ ಸಿವಿಟಿ, ಕೆಎ-25, ಒಬ್ಬರ ಮಾಲಕರು, ನಿವೃತ್ತ ಮಾಸ್ತರು. ಬಿಲ್ಲುಗಳನ್ನ ಹಾಜರಿ ಪುಸ್ತಕದಂಗ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ರು. 6,25,000 ಅಂದ್ರು, 5,85,000ಕ್ಕ ಮುಗೀತು. ಜಾಝ್ 2023ರಾಗ ಬಂದಾತು, ಸಾಮಾನು ಸಿಗತಾವೇನು ಅಂತ ಕೇಳ್ತೀರಿ. ಅದರ 1.2 ಪೆಟ್ರೋಲ್ ಎಂಜಿನ್ನು, ಸಿವಿಟಿ ಜೋಡಿ ಅಮೇಜ್‌ದಾಗೂ ಐತಿ, ಅದಕ್ಕ ಎಂಜಿನ್ ಕಡೆ ನನಗ ಅಂಜಿಕಿ ಇಲ್ಲ. ಬಂಪರ್, ಹೆಡ್‌ಲೈಟ್ ಒಡದ್ರ ಕಾಯಬೇಕಾಗಬಹುದು.

ಕಾಗದಪತ್ರ: ಫಾರ್ಮ್ 29, ಫಾರ್ಮ್ 30. ಸಾಲ ಇದ್ದ ಗಾಡಿ ಆಗಿದ್ರ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಸುದ್ದಾ. ಇನ್ಶೂರೆನ್ಸ್ 14 ದಿನದೊಳಗ ನಿಮ್ಮ ಹೆಸರಿಗೆ ಮಾಡಸ್ರಿ. ಥರ್ಡ್ ಪಾರ್ಟಿ ತಾನ ಮುಂದುವರೀತೈತಿ, ಆದ್ರ ನಿಮ್ಮ ಗಾಡಿಗ ಆದ ಪೆಟ್ಟಿಗೆ ರೊಕ್ಕ ಬರಬೇಕಂದ್ರ ಹೆಸರು ಬದಲಾಗಿರಬೇಕು. ಹಳೇ ಮಾಲಕರ ನೋ-ಕ್ಲೇಮ್ ಬೋನಸ್ ಅವರ ಜೊತಿಗೇ ಹೋಗತೈತಿ, ನಿಮಗ ಬರಂಗಿಲ್ಲ. ಫಾಸ್ಟ್ಯಾಗೂ ಹಂಗ, ಅವರದು ಬಂದ್ ಮಾಡಿಸಿ ನಿಮ್ಮ ಹೆಸರಲೆ ಹೊಸದು ತಗೋರಿ. ಇನ್ನೊಂದು, ಬ್ಯಾಟರಿ ಕೂತ್ರ ಈ ಗಾಡಿ ದಬ್ಬಿ ಚಾಲು ಮಾಡಾಕ ಬರಂಗಿಲ್ಲ. ಓಣಿ ಹುಡುಗರು ಎಷ್ಟ ಜೋರಿನವರಿದ್ರೂ ಉಪಯೋಗಿಲ್ಲ. ಜಂಪ್ ಕೇಬಲ್ ಡಿಕ್ಕಿಯೊಳಗ ಇಟ್ಟೀವಿ.

ಧಾರವಾಡದಿಂದ ಅಳ್ನಾವರದ ಮ್ಯಾಲ ಹಾಸಿ ಬಂದ್ವಿ. ಅಳ್ನಾವರದ ತನಕ ಅಪ್ಪಾ, ಅಲ್ಲಿಂದ ಅವ್ವ. ಮೊದಲ ಏರಿನ್ಯಾಗ ಮುಂದ ಕಬ್ಬಿನ ಟ್ರ್ಯಾಕ್ಟರ್ ನಿಂತ್ತು. ಅವ್ವ ಬ್ರೇಕ್ ಒತ್ತಿ ಎರಡೂ ಕೈಲೆ ಸ್ಟೇರಿಂಗ್ ಗಟ್ಟಿ ಹಿಡದ್ಲು. ಯಾರೂ ಮಾತಾಡಲಿಲ್ಲ. ಟ್ರ್ಯಾಕ್ಟರ್ ಸರೀತು, ಆಕಿ ಕಾಲು ತಗದ್ಲು, ಗಾಡಿ ಮುಂದಕ್ಕ ಹೋತು. "ಜಾರಲಿಲ್ಲಲ್ಲ" ಅಂದ್ಲು, ಯಾರಿಗೂ ಅಲ್ಲ.

ಈಗ ಖಾನಾಪುರದ ತನಕ ಒಬ್ಬಾಕಿನ ಹೋಗಿ ಬರತಾಳು. ಗಣೇಬೈಲ್ ಟೋಲ್ ಒಂದು ಸಲ ದಾಟ್ಯಾಳು, ಅಪ್ಪಾ ಬಾಜೂಕ ಕುಂತಿದ್ದ. ಬರೋ ಮಂಗಳವಾರ ಅಪ್ಪಗ ಗದ್ದಿ ಕೆಲಸ ಐತಿ, ನನಗ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್. ಆಯಿ ಹಿಂದಿನ ಸೀಟಿನ್ಯಾಗ, ಮುಂದ ಅವ್ವ, ಬೆಳಗಾವಿತನಕ ಇಬ್ಬರ.