ದೇವರ ಮನೆಗೆ ಕರೆಂಟು

ಸಿಯಾಟಲ್ ಸುತ್ತಮುತ್ತ ಮರದ ಮನೆ ಕಟ್ಟುವವರು ಕೋಟು ನೇತುಹಾಕಲು ಜಾಗ ಬಿಡುತ್ತಾರೆ, ದೇವರಿಗೆ ಬಿಡುವುದಿಲ್ಲ. ಹಾಗಾಗಿ ಅಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಗಣಪತಿ, ಲಕ್ಷ್ಮಿ, ವೆಂಕಟರಮಣ ಎಲ್ಲರೂ ಸೇರಿಕೊಳ್ಳುವುದು ಬಟ್ಟೆಯ ಕ್ಲಾಸೆಟ್ಟಿಗೆ. ಹ್ಯಾಂಗರಿನ ಕಂಬಿ ಕಳಚಿ ಎರಡು ಹಲಗೆ ಕೂರಿಸಿದರೆ ದೇವರ ಮನೆ ತಯಾರು. ಸಮಾಮಿಶ್‌ನಲ್ಲಿರುವ, ಮಳವಳ್ಳಿ ಕಡೆಯ ಎಂಜಿನಿಯರ್ ಒಬ್ಬರ ಮನೆಯಲ್ಲೂ ಹಾಗೇ ಆಯಿತು. ಆದರೆ ಆ ಕ್ಲಾಸೆಟ್ಟಿಗೆ ಲೈಟು ಇರಲಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಹೊತ್ತು ಮುಳುಗುವ ಊರು. ಮೊಬೈಲಿನ ಟಾರ್ಚ್ ಹಿಡಿದು ಅಷ್ಟೋತ್ತರ ಓದಿ ಓದಿ ಮನೆಯವರಿಗೆ ಸಾಕಾಗಿತ್ತು.

ಮಳವಳ್ಳಿಯಲ್ಲಾಗಿದ್ದರೆ ವೈರ್‌ಮ್ಯಾನ್‌ಗೆ ಒಂದು ಫೋನು. ವಾಷಿಂಗ್ಟನ್ ರಾಜ್ಯದಲ್ಲಿ ಮನೆಯ ಮಾಲೀಕ ತಾನು ವಾಸಿಸುವ ಮನೆಯ ವೈರಿಂಗನ್ನು ತಾನೇ ಮಾಡಿಕೊಳ್ಳಬಹುದು, ಲೈಸೆನ್ಸ್ ಬೇಕಿಲ್ಲ. ಹಾಳಾದ ಸ್ವಿಚ್ಚಿನ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಹಾಕುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಹೊಸದಾಗಿ ಲೈನ್ ಎಳೆಯುವುದಾದರೆ ಮಾತ್ರ ಪರ್ಮಿಟ್ ತೆಗೆದುಕೊಳ್ಳಬೇಕು. ಕೆಲವು ನಗರಗಳಲ್ಲಿ ಅದನ್ನು ನಗರಾಡಳಿತ ಕೊಡುತ್ತದೆ, ಉಳಿದ ಕಡೆ ರಾಜ್ಯದ ಕಾರ್ಮಿಕ ಮತ್ತು ಕೈಗಾರಿಕಾ ಇಲಾಖೆ. ಇನ್‌ಸ್ಪೆಕ್ಟರ್ ಬಂದು ನೋಡುವವರೆಗೆ ಗೋಡೆ ಮುಚ್ಚುವಂತಿಲ್ಲ.

ಕ್ಲಾಸೆಟ್ಟಿನ ಲೈಟಿಗೆ ಬೇರೆಯೇ ನಿಯಮಗಳಿವೆ. ಬಟ್ಟೆ ಬಿಸಿ ಬಲ್ಬಿಗೆ ತಗುಲಿ ಬೆಂಕಿ ಹತ್ತೀತೆಂದು ಅಲ್ಲಿ ಬರಿಯ ಫಿಲಮೆಂಟ್ ಬಲ್ಬು ನಿಷಿದ್ಧ. ಮೇಲ್ಚಾವಣಿಗೆ ಅಂಟಿಸುವ ಎಲ್‌ಇಡಿ ಆದರೂ ಸಾಮಾನಿಡುವ ಜಾಗದಿಂದ 12 ಇಂಚು ದೂರವಿರಬೇಕು. “ಇಲ್ಲಿ ಬಟ್ಟೆ ಎಲ್ಲಿದೆ?” ಎಂದು ಯಜಮಾನರು ವಾದ ಹೂಡಿದರು. “ಲಕ್ಷ್ಮಿಗೆ ಉಡಿಸಿರೋದು ಏನ್ರೀ ಮತ್ತೆ?” ಎಂದರು ಹೆಂಡತಿ. ಹಲಗೆ ಒಂದಿಷ್ಟು ಕೆಳಗಿಳಿಯಿತು. ಉರಿಯುವ ಹಣತೆಯ ಬಗ್ಗೆ ಆ ನಿಯಮದಲ್ಲಿ ಚಕಾರವಿಲ್ಲ. ಅದರ ಮೇಲೆ ಕಣ್ಣಿಡುವುದು ಚಾವಣಿಯ ಹೊಗೆ ಅಲಾರಂ.

ಮೇನ್ ಇಳಿಸಿ, ಟೆಸ್ಟರ್ ಹಿಡಿದು, ಕ್ಲಾಸೆಟ್ಟಿಗೆ ಕರೆಂಟು ಎಳೆಯಲೆಂದು ಹಜಾರದ ಹಳೆಯ ಸ್ವಿಚ್ಚನ್ನು ಬಿಚ್ಚಿದಾಗ ಒಳಗೆ ಒಂದು ಕಪ್ಪು ತಂತಿ, ಒಂದು ಬಿಳಿ ತಂತಿ. ಅಮೆರಿಕದಲ್ಲಿ ಕಪ್ಪು ಫೇಸು, ಬಿಳಿ ನ್ಯೂಟ್ರಲ್, ಬರಿಯ ತಾಮ್ರ ಅರ್ತು. ನಮ್ಮ 230 ವೋಲ್ಟಿನ ಬದಲು 120. ಆದರೆ ಈ ಬಿಳಿ ತಂತಿ ನ್ಯೂಟ್ರಲ್ ಅಲ್ಲ! ಹಿಂದಿನವರು ಕರೆಂಟನ್ನು ಮೊದಲು ಚಾವಣಿಯ ಲೈಟಿಗೆ ಒಯ್ದು, ಅಲ್ಲಿಂದ ಎರಡೇ ಎಳೆಯನ್ನು ಸ್ವಿಚ್ಚಿಗೆ ಇಳಿಸುತ್ತಿದ್ದರು. ಬಿಳಿಯದರಲ್ಲೂ ಫೇಸೇ ಹರಿಯುತ್ತಿತ್ತು. ಅಂಥ ಬಿಳಿ ತಂತಿಯ ತುದಿಗೆ ಕಪ್ಪು ಟೇಪು ಸುತ್ತಿ ಗುರುತು ಮಾಡುವುದು ಪದ್ಧತಿ. ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಬಂದ ಮೇಲೆ, 2011ರ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್ ಸಾಮಾನ್ಯವಾಗಿ ಸ್ವಿಚ್ ಪೆಟ್ಟಿಗೆಗೂ ನ್ಯೂಟ್ರಲ್ ಬರಲೇಬೇಕೆಂದಿತು. ಈ ಹಳೆಯ ಸ್ವಿಚ್ಚಿನಲ್ಲಿ ಅದಿಲ್ಲದ್ದರಿಂದ ಹಜಾರದ ಚಾವಣಿಯ ಪೆಟ್ಟಿಗೆಯಿಂದಲೇ ಹೊಸ ಕೇಬಲ್ ಹೊರಟಿತು. ಪೆಟ್ಟಿಗೆಯೊಳಗೆ ಕನಿಷ್ಠ ಆರು ಇಂಚು ತಂತಿ ಬಿಟ್ಟು, ತುದಿ ಸುಲಿದು, ಇಕ್ಕಳದಿಂದ ಕೊಕ್ಕೆ ಬಗ್ಗಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸ್ಕ್ರೂಗೆ ಸಿಕ್ಕಿಸಬೇಕು. ಆಗ ಸ್ಕ್ರೂ ಬಿಗಿಯಾದಷ್ಟೂ ಕೊಕ್ಕೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ವಿಚ್ಚಿನ ‘ಟಕ್’ ಸದ್ದು ಒಳಗಿನ ಸ್ಪ್ರಿಂಗಿನದು. ಕರೆಂಟು ಕಡಿಯುವಾಗ ಕಿಡಿ ಉದ್ದಕ್ಕೆ ಎಳೆಯದಂತೆ ತಟ್ಟನೆ ಬಿಡಿಸುವ ಈ ಉಪಾಯ ಇಂಗ್ಲೆಂಡಿನ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ಕಂಡುಕೊಂಡದ್ದು.

ಈ ಎಂಜಿನಿಯರರ ತಾತನ ಹೊಲದಿಂದ ಶಿವನಸಮುದ್ರದ ತಂತಿ ಕಾಣುತ್ತಿತ್ತಂತೆ. 1902ರಲ್ಲಿ ಅಲ್ಲಿನ ಕರೆಂಟು 147 ಕಿಲೋಮೀಟರ್ ದಾಟಿ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಪಕ್ಕದ ಹಳ್ಳಿಗಳು ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ತಾತನ ಮನೆಗೆ ಕೊನೆಗೆ ಬಂದದ್ದು ಮರದ ಗುಂಡು ಹಲಗೆಯ ಮೇಲೊಂದು ಕಪ್ಪು ಸ್ವಿಚ್ಚು, ನಡುಮನೆಗೊಂದು ಬಲ್ಬು.

ಸಮಾಮಿಶ್‌ನಿಂದ ಸ್ವಲ್ಪ ದೂರದಲ್ಲೇ ಸ್ನೋಕ್ವಾಲ್ಮಿ ಜಲಪಾತವಿದೆ, ಎತ್ತರ 268 ಅಡಿ. ಚಾರ್ಲ್ಸ್ ಬೇಕರ್ ಎಂಬ ಎಂಜಿನಿಯರು ಅದರ ಪಕ್ಕದ ಬಂಡೆ ಕೊರೆದು ನೆಲದಡಿ ವಿದ್ಯುದಾಗಾರ ಮಾಡಿಸಿ, 1899ರಲ್ಲಿ ಸಿಯಾಟಲ್‌ಗೂ ಟಕೋಮಾಗೂ ಕರೆಂಟು ಕೊಟ್ಟ. ಸೀಡರ್ ನದಿಯ ಕರೆಂಟಿನಿಂದ ಸಿಯಾಟಲ್ ನಗರಾಡಳಿತ ತನ್ನ ಬೀದಿದೀಪ ಹೊತ್ತಿಸಿದ್ದು 1905ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಹತ್ತಿತು.

ಊರಿನಿಂದ ಬಂದಿದ್ದ ತಾಯಿಗೆ ತಕರಾರು ಇದ್ದದ್ದು ಸ್ವಿಚ್ಚಿನ ಬಗ್ಗೆ. ನಮ್ಮಲ್ಲಿ ಕೆಳಕ್ಕೆ ಒತ್ತಿದರೆ ಲೈಟು, ಅಲ್ಲಿ ಮೇಲಕ್ಕೆ. “ಉಲ್ಟಾ ಕೂರ್ಸು ಕಣಪ್ಪ, ದೇವ್ರ ಮನೇದೊಂದಾದ್ರೂ ನಮ್ ಥರ ಇರ್ಲಿ” ಎಂದರು. ಹಾಗೆ ಕೂರಿಸಿದರೆ ಅದರ ಮೇಲೆ ಕೆತ್ತಿದ ‘ಆನ್’, ‘ಆಫ್’ ತಲೆಕೆಳಗಾಗುತ್ತವೆ ಎಂದು ಮಗ ಒಪ್ಪಲಿಲ್ಲ.

ಇನ್‌ಸ್ಪೆಕ್ಟರ್ ಪರೀಕ್ಷೆಯಲ್ಲಿ ಕೆಲಸ ಪಾಸಾದ ಸುದ್ದಿ ಹಬ್ಬಿ, ಈಗ ಗುರುತಿನವರೆಲ್ಲ “ನಮ್ಮ ಕ್ಲಾಸೆಟ್ಟಿಗೂ ಒಂದು ಹಾಕಿಕೊಡಿ ಸರ್” ಎನ್ನುತ್ತಿದ್ದಾರೆ. ಪರರ ಮನೆಯಲ್ಲಿ ನೆರವಾಗುವುದಕ್ಕೂ ವಾಷಿಂಗ್ಟನ್ ಕಾನೂನಿನ ಒಪ್ಪಿಗೆಯುಂಟು. ಆದರೆ ಮನೆಯ ಯಜಮಾನ ಎದುರಿಗಿರಬೇಕು, ಹಣವಾಗಲಿ ಬೇರೆ ಪ್ರತಿಫಲವಾಗಲಿ ಮುಟ್ಟಬಾರದು. ಬಿಸಿಬೇಳೆಬಾತು ಪ್ರತಿಫಲದ ಲೆಕ್ಕಕ್ಕೆ ಬರುತ್ತದೆಯೇ ಎಂಬುದರ ಮೇಲೆ ಆ ಮನೆಯಲ್ಲಿ ಚರ್ಚೆ ನಡೆದಿದೆ.