ಬಾಗಿಲು ತೆಗೆದಿಟ್ಟ ಮೂರು ದಿನ

ಮಿನಿ ಪ್ರಾಜೆಕ್ಟ್‌ನ ಮೈಎಸ್‌ಕ್ಯೂಎಲ್ ಬಾಡಿಗೆ ಸರ್ವರ್‌ನಲ್ಲಿ, ನಾವು ಮೂವರು ಹಾಸ್ಟೆಲ್‌ನಲ್ಲಿ. ಕನೆಕ್ಟ್ ಆಗ್ಲೇ ಇಲ್ಲ. ಕಾನ್ಫಿಗ್ ಫೈಲ್ ನೋಡಿದ್ರೆ ಬೈಂಡ್-ಅಡ್ರೆಸ್ 127.0.0.1, ಅಂದ್ರೆ ಆ ಮಷೀನ್ ಒಳಗಿನವರಿಗೆ ಮಾತ್ರ ಬಾಗಿಲು. ಅದನ್ನ 0.0.0.0 ಮಾಡಿ ರೀಸ್ಟಾರ್ಟ್ ಕೊಟ್ವಿ. ಫೈರ್‌ವಾಲ್‌ನಲ್ಲಿ 3306 ಪೋರ್ಟ್ ತೆಗೆದ್ವಿ. ಆದ್ರೂ ಆಗ್ಲಿಲ್ಲ, ಯಾಕಂದ್ರೆ ಯೂಸರ್ ಹೆಸರಿನ ಪಕ್ಕ ಲೋಕಲ್‌ಹೋಸ್ಟ್ ಅಂತಿತ್ತು. ಅಲ್ಲಿ ‘%’ ಇರೋ ಹೊಸ ಯೂಸರ್ ಮಾಡಿದ್ವಿ: ಯಾವ ಊರಿಂದ ಬೇಕಾದ್ರೂ ಬನ್ನಿ. ಪಾಸ್‌ವರ್ಡ್ ಹೇಳೋಕೆ ನಾಚಿಕೆ, ಅಡ್ಮಿನ್123.

ಮೂರನೇ ದಿನ ಟೇಬಲ್‌ಗಳೇ ಇಲ್ಲ. ಉಳಿದಿದ್ದು ಬಿಟ್‌ಕಾಯಿನ್ ಕೇಳುವ ಒಂದು ಸಾಲು. ಬ್ಯಾಕಪ್ ಇರ್ಲಿಲ್ಲ. ಮೆಸ್ ಊಟದ ಬಗ್ಗೆ ನೀವೆಲ್ಲ ತುಂಬಿಕೊಟ್ಟಿದ್ದ ಉತ್ತರಗಳು ಹೋದವು.

ಈಗ ಬೈಂಡ್-ಅಡ್ರೆಸ್ ಮತ್ತೆ 127.0.0.1. ನಾವು ಎಸ್‌ಎಸ್‌ಎಚ್ ಟನಲ್ ಮೂಲಕ ಒಳಗೆ ಹೋಗ್ತೀವಿ, ಮೊದಲೇ ಮಾಡಬಹುದಿತ್ತು. ಈ ವಾರ ಮತ್ತೆ ಫಾರ್ಮ್ ಹಿಡಿದು ನಿಮ್ಮ ರೂಮಿಗೆ ಬರ್ತೀವಿ, ಬೈಕೊಳ್ಳದೆ ತುಂಬಿಕೊಡಿ.