ದಾಸರ ಊರುಗಳಲ್ಲಿ ತಾಳದ ಸದ್ದು

ರಾಯಚೂರು ಎಂದರೆ ಬಿಸಿಲು, ಹತ್ತಿ ಮತ್ತು ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಹೊರಗಿನವರಿಗೆ ನೆನಪಾಗುವುದು ಇಷ್ಟೇ. ಆದರೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಎಡೆದೊರೆ ನಾಡಿಗೆ ಇನ್ನೊಂದು ಗುರುತಿದೆ. ಅದನ್ನು ಕಿವಿಯಿಂದ ಹುಡುಕಬೇಕು. ಏಕಾದಶಿಯ ಸಂಜೆ ಇಲ್ಲಿನ ಬಡಾವಣೆಗಳಲ್ಲಿ ನಡೆದುಹೋಗಿ. ಯಾವುದಾದರೂ ಮಠದಿಂದಲೋ ಮನೆಯ ಪಡಸಾಲೆಯಿಂದಲೋ ‘ಝಣ್ ಝಣ್’ ಎಂಬ ಸದ್ದು ಕೇಳೀತು. ಅದು ತಾಳದ ಸದ್ದು.

ಪುರಂದರದಾಸರು, ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು, ಈ ನಾಲ್ವರನ್ನು ದಾಸಚತುಷ್ಟಯರು ಎನ್ನುತ್ತಾರೆ. ಇವರಲ್ಲಿ ಮೂವರು ಇದೇ ಜಿಲ್ಲೆಯಲ್ಲಿ ಹುಟ್ಟಿದವರು. ವಿಜಯದಾಸರದು ಮಾನ್ವಿ ಸೀಮೆಯ ಚೀಕಲಪರವಿ, ಗೋಪಾಲದಾಸರದು ದೇವದುರ್ಗದ ಕಡೆಯ ಮೊಸರಕಲ್ಲು, ಜಗನ್ನಾಥದಾಸರದು ಮಾನ್ವಿ ಹತ್ತಿರದ ಬ್ಯಾಗವಾಟ. ಎಲ್ಲರೂ 18ನೇ ಶತಮಾನದಲ್ಲಿ ಹಾಡಿದವರು. ಅವರ ಹಾಡುಗಳನ್ನು ಈಗ ಹೇಗೆ ಹಾಡುತ್ತಾರೆ, ಯಾರು ಕಲಿಯುತ್ತಿದ್ದಾರೆ ಎಂದು ನೋಡಬೇಕೆನಿಸಿತು. ಚೀಲಕ್ಕೆ ನೀರಿನ ಬಾಟಲಿ, ಛತ್ರಿ ಹಾಕಿಕೊಂಡು ರಾಯಚೂರಿನಿಂದ ಬಸ್ಸು ಹತ್ತಿದೆ.

ಮೊದಲು ದೇವದುರ್ಗದ ದಾರಿ. ಎರಡೂ ಕಡೆ ಎರೆಹೊಲ, ಹತ್ತಿ, ತೊಗರಿ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುವಲ್ಲಿ ಭತ್ತದ ಗದ್ದೆ. ಮೊಸರಕಲ್ಲಿನ ಬಡ ಮನೆಯೊಂದರ ಅಣ್ಣತಮ್ಮಂದಿರು ನಾಲ್ವರೂ ದಾಸರಾದರಂತೆ. ಹಿರಿಯರಾದ ಗೋಪಾಲದಾಸರಿಗೆ ವಿಜಯದಾಸರೇ ಗುರು. ಆ ಕಾಲದ ದಾಸರ ಆಸ್ತಿ ಎಂದರೆ ಹೆಗಲ ಮೇಲೆ ತಂಬೂರಿ, ಕೈಯಲ್ಲಿ ತಾಳ ಅಥವಾ ಚಿಟಿಕೆ, ಕಾಲಲ್ಲಿ ಗೆಜ್ಜೆ.

ಮಕ್ಕಳೇ, ತಾಳವನ್ನು ಕೈಯಲ್ಲಿ ಹಿಡಿದು ನೋಡಿದ್ದೀರಾ? ಎರಡು ಸಣ್ಣ ಕಂಚಿನ ಬಟ್ಟಲು, ನಡುವೆ ತೂತು, ತೂತಿನಲ್ಲಿ ದಾರ. ಅಂಚಿಗೆ ಅಂಚು ತಾಗಿಸಿ ಬಿಟ್ಟರೆ ‘ಝಣ್’ ಎಂದು ನಾದ ಉದ್ದಕ್ಕೆ ಹೋಗುತ್ತದೆ. ತಾಗಿಸಿ ಒತ್ತಿ ಹಿಡಿದರೆ ‘ಟಕ್’ ಎಂದು ಅಲ್ಲೇ ನಿಲ್ಲುತ್ತದೆ. ಎಲ್ಲಿ ಬಿಡಬೇಕು, ಎಲ್ಲಿ ಒತ್ತಬೇಕು ಎಂದು ತಿಳಿದವರು ಒಬ್ಬರಿದ್ದರೆ ಸಾಕು, ನಲವತ್ತು ಜನರ ಭಜನೆ ಒಂದೇ ಹೆಜ್ಜೆಯಲ್ಲಿ ನಡೆಯುತ್ತದೆ.

ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ಇದೇ ಕಂಚಿನಿಂದ ಇಂಗ್ಲೆಂಡಿನವರು ಕೈಗಂಟೆ ಮಾಡಿದರು. ಅಲ್ಲಿ ಚರ್ಚಿನ ಗೋಪುರದ ದೊಡ್ಡ ಗಂಟೆಗಳನ್ನು ಬಾರಿಸುವವರಿಗೆ ಅಭ್ಯಾಸ ಬೇಕಿತ್ತು. ದಿನವೂ ಗೋಪುರ ಹತ್ತಿ ಬಾರಿಸಿದರೆ ಊರಿಗೆಲ್ಲ ಗದ್ದಲ. ಅದಕ್ಕೇ 17ನೇ ಶತಮಾನದ ಹೊತ್ತಿಗೆ ಕೈಯಲ್ಲಿ ಹಿಡಿಯುವ ಸಣ್ಣ ಗಂಟೆಗಳು ಬಂದವು. ಒಂದು ಗಂಟೆಗೆ ಒಂದೇ ಸ್ವರ. ಹತ್ತು ಹನ್ನೆರಡು ಜನ ಸಾಲಾಗಿ ನಿಂತು, ತಮ್ಮ ತಮ್ಮ ಸರದಿ ಬಂದಾಗ ಗಂಟೆ ಅಲ್ಲಾಡಿಸಿದರೆ ಕ್ರಿಸ್‌ಮಸ್ ಹಾಡು ಪೂರ್ತಿ ಕೇಳುತ್ತದೆ. ಯಾವ ಗಂಟೆ ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟಿರುತ್ತಾರೆ. ಬಾರಿಸುವವರು ಬದಲಾದರೂ ಕಾಗದ ನೋಡಿ ಅದೇ ಹಾಡು ಬಾರಿಸಬಹುದು.

ನಮ್ಮ ದಾಸರ ಪದಗಳಿಗೆ ಅಂಥ ಕಾಗದವಿಲ್ಲ. ಓಲೆಗರಿಯಲ್ಲೂ ಹಳೆಯ ಪುಸ್ತಕದಲ್ಲೂ ಹಾಡಿನ ತಲೆಯ ಮೇಲೆ ರಾಗದ ಹೆಸರು, ತಾಳದ ಹೆಸರು ಇರುತ್ತದೆ. ವಿಜಯದಾಸರ ಸುಳಾದಿ ತೆಗೆದರೆ ಒಂದೊಂದು ನುಡಿಗೆ ಒಂದೊಂದು ತಾಳ: ಧ್ರುವ, ಮಟ್ಟ, ತ್ರಿವಿಡಿ, ಅಟ್ಟ, ಆದಿ, ಕೊನೆಗೆ ಎರಡು ಸಾಲಿನ ಜತೆ. ಧಾಟಿ ಮಾತ್ರ ಬಾಯಿಂದ ಬಾಯಿಗೆ, ಪೆಟ್ಟು ಕೈಯಿಂದ ಕೈಗೆ ಬಂದದ್ದು.

ಈ ಮಾತು ನನಗೆ ಚೆನ್ನಾಗಿ ತಿಳಿದದ್ದು ಮಾನ್ವಿಯಲ್ಲಿ. ರಾಯಚೂರಿನಿಂದ ಮಾನ್ವಿಗೆ ಸುಮಾರು 45 ಕಿ.ಮೀ. ತುಂಗಭದ್ರಾ ಎಡದಂಡೆ ಕಾಲುವೆಯಿಂದಾಗಿ ಇದು ಭತ್ತದ ಸೀಮೆ. ಜಗನ್ನಾಥದಾಸರು ಬಾಳಿದ ಊರಿದು. ಅವರು ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡ ಹಾಡಿನ ವಿಜಯದಾಸರನ್ನು ಹಗುರವಾಗಿ ಕಂಡರು, ಹೊಟ್ಟೆಶೂಲೆಯಿಂದ ನರಳಿದರು, ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷವನ್ನೇ ಅವರಿಗೆ ಕೊಟ್ಟರು. ಹೀಗೊಂದು ಕಥೆಯನ್ನು ಈ ಭಾಗದ ಅಜ್ಜಿಯರು ಇವತ್ತಿಗೂ ಹೇಳುತ್ತಾರೆ. ಗೋಪಾಲದಾಸರು 1762ರಲ್ಲೇ ತೀರಿಕೊಂಡರು. ಜಗನ್ನಾಥದಾಸರು 1809ರವರೆಗೆ ಬದುಕಿ ‘ಹರಿಕಥಾಮೃತಸಾರ’ ಬರೆದರು. 32 ಸಂಧಿಗಳ ಆ ಕೃತಿ ಇರುವುದು ಭಾಮಿನಿ ಷಟ್ಪದಿಯಲ್ಲಿ.

ಭಾಮಿನಿಗೆ ನೀವೇ ತಾಳ ಹಾಕಬಹುದು. ‘ತಕಿಟ ತಕಧಿಮಿ’ ಎನ್ನಿ. ಮೂರು ಮತ್ತು ನಾಲ್ಕು, ಒಟ್ಟು ಏಳು ಮಾತ್ರೆ. ‘ತಕಿಟ’ದ ಮೊದಲಿಗೆ ಒಂದು ಪೆಟ್ಟು, ‘ತಕಧಿಮಿ’ಯ ಮೊದಲಿಗೆ ಒಂದು ಪೆಟ್ಟು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಇದು ಎರಡು ಸುತ್ತು. ಮೂರು ಮತ್ತು ಆರನೆಯ ಸಾಲಿಗೆ ಮೂರು ಸುತ್ತು, ಕೊನೆಗೆ ಒಂದು ಗುರು. ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಕಷ್ಟವೆನಿಸುವ 102 ಮಾತ್ರೆಗಳ ಲೆಕ್ಕ ಕೈಯಲ್ಲಿ ತಾಳವಿದ್ದರೆ ತಾನಾಗಿಯೇ ಸರಿಹೋಗುತ್ತದೆ.

ಮಾನ್ವಿಯಲ್ಲಿ ಮಧ್ಯಾಹ್ನದ ಹೊತ್ತು ಭಜನೆಗೆ ಸೇರಿದ್ದ ಹೆಣ್ಣುಮಕ್ಕಳ ಗುಂಪೊಂದು ಸಿಕ್ಕಿತು. ಎಲ್ಲರಿಗಿಂತ ಹಿರಿಯರ ಕೈಯಲ್ಲಿ ತಾಳ. ದಾರ ಹೊಸದು, ಕಂಚು ಸವೆದು ನುಣುಪಾಗಿತ್ತು.

“ಯಾರ ಹತ್ರ ಕಲಿತ್ರಿ ಅಮ್ಮಾರ?” ಎಂದೆ.

“ನಮ್ಮ ಅತ್ತಿ ಹತ್ರ ರೀ. ಅವರು ಅವರತ್ತಿ ಹತ್ರ.”

“ಈಗ ಎಲ್ಲಾ ಪುಸ್ತಕದಾಗ ಅದ ಅಲ್ರಿ?”

“ಹಾಡದ. ಧಾಟಿ ಎಲ್ಲದ ರೀ?” ಎಂದು ನಕ್ಕರು. “ಒಂದು ಜೋಗುಳ ಅದ. ನಮ್ಮತ್ತಿಯವರ ಧಾಟಿ ಈಗ ನನಗೊಬ್ಬಾಕಿಗೇ ಬರ್ತದ. ಸೊಸಿ ಬೆಂಗಳೂರಾಗ, ಮೊಮ್ಮಗಳು ಮೊಬೈಲಿನಾಗಿನ ಧಾಟಿ ಹಾಡ್ತಾಳ.”

ಮೊಬೈಲಿನ ಧಾಟಿಯೂ ಇಂಪಾಗಿಯೇ ಇರಬಹುದು. ಆದರೆ ಒಂದೇ ಧಾಟಿ ಎಲ್ಲ ಮನೆಗೂ ಬಂದರೆ ಮಾನ್ವಿಯ ಧಾಟಿ, ದೇವದುರ್ಗದ ಧಾಟಿ ಎಂಬುದು ಉಳಿಯುವುದಿಲ್ಲ. ಹಾಡು ಮುದ್ರಣದಲ್ಲಿ ಕ್ಷೇಮವಾಗಿದೆ. ಧಾಟಿ ಇರುವುದು ಎಪ್ಪತ್ತು, ಎಂಬತ್ತು ದಾಟಿದವರ ಕೊರಳಲ್ಲಿ.

ಹಾಗಾಗಿ ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಅಜ್ಜಿಗೋ ಅಜ್ಜನಿಗೋ ಬರುವ ಒಂದು ಹಾಡು ಕೇಳಿ. ದಾಸರ ಪದವಾಗಲಿ, ವಚನವಾಗಲಿ, ಮೊಹರಂ ಪದವಾಗಲಿ, ಕ್ರಿಸ್‌ಮಸ್ ಗೀತೆಯಾಗಲಿ, ಯಾವುದಾದರೂ ಸರಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಯಾರಿಂದ ಕಲಿತದ್ದೆಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಅವರ ಪಕ್ಕದಲ್ಲಿ ಕುಳಿತು ತಾಳ ಹಿಡಿಯಿರಿ. ಅಜ್ಜ ಅಜ್ಜಿಯರೇ, ಮೊದಮೊದಲು ಪೆಟ್ಟು ತಪ್ಪುತ್ತದೆ, ಬೈಯಬೇಡಿ. ಹಾಡು ನಿಲ್ಲಿಸದೆ ಮುಂದುವರಿಸಿ. ನಾಲ್ಕನೇ ನುಡಿಗೆ ಬರುವಷ್ಟರಲ್ಲಿ ಕೈ ಕೂಡಿಕೊಳ್ಳುತ್ತದೆ.